ಮುಂದಿನ ಬೀಮ್ ಮೇಲೆ ಇಬ್ಬರು

ಪ್ರೀತಿಯ ಮಹೇಶ,

ನಾನು ಮಾಡುತ್ತಿರುವ ಡಾರ್ಜಿಲಿಂಗ್ ರೈಲು ಇಂಜಿನ್ನಿನ ಪುಟ್ಟ ಮಾದರಿ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ, ಎಲ್ಲರ ಎದುರಿಗೇ ಹೇಳುತ್ತೇನೆ. ಚಕ್ರ ತಿರುಗಿತು ಕಣೋ! ಮೋಟಾರು ಇನ್ನೂ ಹಾಕಿಲ್ಲ, ಬೆರಳಲ್ಲಿ ತಳ್ಳಿದೆ ಅಷ್ಟೇ. ಹಿಂದಿನ, ಮುಂದಿನ ಚಕ್ರಗಳನ್ನು ಜೋಡಿಸುವ ರಾಡ್ ಚಕ್ರದ ಪಿನ್ನುಗಳ ಮೇಲೆ ಕೂರುತ್ತದೆ. ಒಂದು ಕಡೆಯ ಪಿನ್ನಿಗೂ ಇನ್ನೊಂದು ಕಡೆಯ ಪಿನ್ನಿಗೂ ಸರಿಯಾಗಿ ಕಾಲು ಸುತ್ತು ಅಂತರ ಇರಬೇಕು, ಎರಡು ಆಕ್ಸಲ್‌ಗೂ ಅದು ಒಂದೇ ಸಮ ಇರಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ರಾಡ್ ಅರ್ಧದಲ್ಲಿ ಹಿಡಿದುಕೊಳ್ಳುತ್ತದೆ. ಇದು ಹಿಡಿಯಲಿಲ್ಲ. ನೀನಿದ್ದಿದ್ದರೆ ಸೀಟಿ ಊದುತ್ತಿದ್ದೆ.

ಉಳಿದವರಿಗೂ ಗೊತ್ತಾಗಲಿ: ಇದು ಬಿ ಕ್ಲಾಸ್ ಅನ್ನುವ ಜಾತಿಯ ಇಂಜಿನ್, 1889ರಲ್ಲಿ ಗ್ಲಾಸ್ಗೋದ ಶಾರ್ಪ್ ಸ್ಟೂವರ್ಟ್ ಕಂಪನಿ ಮೊದಲು ಮಾಡಿದ್ದು. ನಾಲ್ಕೇ ಚಕ್ರ, ಬಾಯ್ಲರ್ ಬೆನ್ನ ಮೇಲೇ ನೀರಿನ ಟ್ಯಾಂಕ್. ನಿಜವಾದ ಹಳಿಗಳ ನಡುವೆ ಎರಡಡಿ ಅಂತರ. ನನ್ನ ಮಾದರಿಯಲ್ಲಿ ಒಂದಡಿಗೆ 4 ಮಿ.ಮೀ., ಅಂದರೆ ಹಳಿ 8 ಮಿ.ಮೀ. ಇರಬೇಕು. ರೆಡಿ ಸಿಗುವುದು 9 ಮಿ.ಮೀ.ನದ್ದು, ಆ ಒಂದು ಮಿಲಿಮೀಟರ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಿಟ್ ಅಂದರೆ ಆಸಿಡ್‌ನಲ್ಲಿ ಕೊರೆದ ಹಿತ್ತಾಳೆ ತಗಡು. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳಿಗಳು. ಮೊಂಡು ಸೂಜಿ ಇಟ್ಟು ಒತ್ತಿದರೆ ಮುಂದೆ ರಿವೆಟ್ ತಲೆ ಏಳುತ್ತದೆ. ಜಾಸ್ತಿ ಒತ್ತಿದರೆ ತೂತು, ಕಮ್ಮಿಯಾದರೆ ಪೇಂಟ್ ಬಿದ್ದ ಮೇಲೆ ಕಾಣುವುದೇ ಇಲ್ಲ. ಟ್ಯಾಂಕ್ ಬಗ್ಗಿಸುವ ಮೊದಲೇ ಇದೆಲ್ಲ ಮುಗಿಯಬೇಕು. ಮುಗಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ, ಒಂದೊಂದಕ್ಕೂ ಪುಟ್ಟ ನೆರಳು! ಆ ಖುಷಿಗೆ ಊಟವೇ ಮರೆತುಹೋಯಿತು.

ಆಮೇಲೆ ಮುಂದಿನ ಬಫರ್ ಬೀಮ್‌ಗೆ, ಅಂದರೆ ಇಂಜಿನ್ ಮೂತಿಯ ಅಡ್ಡಪಟ್ಟಿಗೆ ಬಂದೆ. ಹಳೇ ಫೋಟೋಗಳಲ್ಲಿ ಅಲ್ಲಿ ಇಬ್ಬರು ಕೂತಿರುತ್ತಾರೆ. ಮಂಜಿಗೆ ಹಳಿ ಒದ್ದೆಯಾಗಿ ಚಕ್ರ ಜಾರಿದರೆ ಕೈಯಿಂದಲೇ ಹಳಿಗೆ ಮರಳು ಹಾಕುವುದು ಅವರ ಕೆಲಸ. ಇನ್ನೊಬ್ಬ ಇಂಜಿನ್ ಮೇಲೇ ಕೂತು ಕಲ್ಲಿದ್ದಲು ಒಡೆಯುತ್ತಾನೆ. ಡ್ರೈವರ್, ಫೈರ್‌ಮನ್ ಬೇರೆ. ದಾರಿಯಲ್ಲಿ ಸಿಗುವ ಘೂಮ್ ಸ್ಟೇಷನ್ 2258 ಮೀಟರ್ ಎತ್ತರದಲ್ಲಿದೆ, ಆ ಚಳಿಯಲ್ಲಿ ಇವರು ಬಯಲಲ್ಲೇ. ನನ್ನ ಕಿಟ್‌ನಲ್ಲಿ ಒಬ್ಬ ಮನುಷ್ಯನೂ ಇಲ್ಲ.

ನಮ್ಮಜ್ಜ ಅರಸೀಕೆರೆ ಕಡೆ ಮೀಟರ್‌ಗೇಜ್‌ನಲ್ಲಿ ಫೈರ್‌ಮನ್ ಆಗಿದ್ದದ್ದು ನಿನಗೆ ಗೊತ್ತು. ಇದು ಗೊತ್ತಿಲ್ಲ: ರಿಟೈರ್ ಆದ ಮೇಲೆ ಅವರು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಹಟ ಮಾಡಿ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಗೇಟ್ ಹತ್ತಿರವೇ ಕೂತುಬಿಟ್ಟರು. "ನೀನು ನೋಡ್ಕೊಂಡು ಬಾ ಮಗಾ, ಆ ಬೆಂಕಿ ನಾನು ಬೇಕಾದಷ್ಟು ಉಂಡಿದ್ದೀನಿ" ಅಂದರು. ನನಗೆ ಆಗ ಸಿಟ್ಟು ಬಂದಿತ್ತು. ಅವರ ಬಲಗೈಯಲ್ಲಿ ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು. ಬಾಯ್ಲರ್ ಪ್ರೆಶರ್ ಎಷ್ಟಿರುತ್ತಿತ್ತು ಅಂತ ಎಷ್ಟೋ ಸಲ ಕೇಳಿದ್ದೇನೆ, ಕೈ ಹೇಗೆ ಸುಟ್ಟಿತು ಅಂತ ಒಂದು ಸಲವೂ ಕೇಳಲಿಲ್ಲ. ನಾನು ಇಷ್ಟು ಮುದ್ದು ಮಾಡುವ ವಸ್ತು ಅವರನ್ನು ಸುಟ್ಟದ್ದೇ ಅಲ್ವಾ? ಅವರಿದ್ದಿದ್ದರೆ ಇದನ್ನು ಅವರ ಕೈಗೆ ಕೊಡೋಕೆ ನನಗೆ ಧೈರ್ಯ ಬರುತ್ತಿತ್ತಾ? ಈ ಯೋಚನೆ ಬಂದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ.

ಸಾಕು, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಕೆಲಸದ ಮಾತಿಗೆ ಬರೋಣ. ತಾಮ್ರದ ತಂತಿ, ಎಂ-ಸೀಲ್ ಇಟ್ಟುಕೊಂಡು ಐದು ಜನರನ್ನು ನಾನೇ ಮಾಡುತ್ತಿದ್ದೇನೆ. ಐದೂವರೆ ಅಡಿ ಆಳು 22 ಮಿ.ಮೀ. ಆಗುತ್ತಾನೆ. ಮುಂದೆ ಕೂರುವ ಇಬ್ಬರಿಗೂ ಮಫ್ಲರ್ ಬೇಕೇ ಬೇಕು. ಬರುವಾಗ ಮೂರು ಸೊನ್ನೆಯ ಬ್ರಷ್, ಅದೇ ತೀರಾ ಸಣ್ಣ ತುದಿಯದ್ದು, ತಗೊಂಡು ಬಾ. ಚಿತ್ರಾನ್ನ ಮಾತ್ರ ತರಬೇಡ ಮಾರಾಯಾ, ತುಮಕೂರಿನದ್ದು ಇನ್ನೂ ನೆನಪಿದೆ.

ನಿನ್ನ,
ಸೀನ