ವ್ಯಾಕರಣದ ಚೀಟಿ ಕೊಟ್ಟುಹೋದವರಿಗೆ

ಹೆಸರು ಹೇಳದೆ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಇಂಗ್ಲಿಷ್ ವಾಕ್ಯಗಳ ಚೀಟಿ ಕಟ್ಟು ಕೊಟ್ಟುಹೋದವರೇ, ಎಂಟನೇ ತರಗತಿ ಮಕ್ಕಳ ಪರವಾಗಿ ತುಂಬು ಮನಸ್ಸಿನ ಧನ್ಯವಾದ.

ರಜಾ ಅರ್ಜಿ, ಅಂಗಡಿ ಬೋರ್ಡು, ಔಷಧಿ ಡಬ್ಬಿ ಮೇಲಿನ ಸೂಚನೆ, ಎಲ್ಲದರಿಂದಲೂ ವಿರಾಮಚಿಹ್ನೆ ತೆಗೆದುಬಿಟ್ಟಿದ್ದೀರಿ. ಹಾಕುವ ಕೆಲಸ ಮಕ್ಕಳದು. ಇನ್ನು, ‘ಅವರ್’ (ಗಂಟೆ) ಪದಕ್ಕೆ ಮೊದಲು ‘ಆ್ಯನ್’, ‘ಯೂನಿವರ್ಸಿಟಿ’ಗೆ ಮೊದಲು ‘ಎ’ ಯಾಕೆ? ‘ಅಕ್ಷರ ನೋಡಬೇಡ, ಉಚ್ಚಾರ ಕೇಳು’ ಅಂತ ಚೀಟಿ ಬೆನ್ನಿಗೆ ಬರೆದಿದ್ದೀರಲ್ಲ, ನನ್ನ ಅರ್ಧ ಗಂಟೆಯ ಪಾಠ ಅಷ್ಟರಲ್ಲೇ ಮುಗಿಯಿತು.

ಮೊನ್ನೆ ‘ಹೆಡ್‌ಮಾಸ್ಟರ್ಸ್ ರೂಮ್’ ಬೋರ್ಡಿನಲ್ಲಿ ಅಪಾಸ್ಟ್ರಫಿ (ಒಡೆತನ ತೋರಿಸಲು ಅಕ್ಷರದ ಮೇಲ್ಗಡೆ ಹಾಕುವ ಚಿಹ್ನೆ) ಇಲ್ಲವೆಂದು ಹುಡುಗಿಯರು ಪತ್ತೆಹಚ್ಚಿದರು. ‘ಎಸ್’ ಹಿಂದೋ ಮುಂದೋ ಎಂಬ ಜಗಳ. ಹೆಡ್‌ಮಾಸ್ಟರ್ ಒಬ್ಬರೇ ತಾನೇ, ಹಾಗಾದರೆ ‘ಎಸ್’ಗೆ ಮೊದಲೇ ಬರಬೇಕು ಎಂದು ತೀರ್ಮಾನಿಸಿ ಸೀಮೆಸುಣ್ಣದಲ್ಲಿ ತಿದ್ದಿಯೂ ಬಂದರು!

ಇನ್ನೊಂದು ಕಟ್ಟು ಮಾಡುವುದಾದರೆ ಕ್ರಿಯಾಪದದ್ದೇ ಇರಲಿ. ‘ಐ ಆ್ಯಮ್ ಹ್ಯಾವಿಂಗ್ ಒನ್ ಬ್ರದರ್’ ಇನ್ನೂ ತರಗತಿ ಬಿಟ್ಟು ಹೋಗಿಲ್ಲ, ‘ಐ ಹ್ಯಾವ್ ಎ ಬ್ರದರ್’ ಒಳಗೆ ಬಂದಿಲ್ಲ.