ಆಲ್ಪ್ಸ್‌ನ ಬಾರುಗಳಲ್ಲಿ ರಾತ್ರಿ ಶುರುವಾಗುವುದು ಮಧ್ಯಾಹ್ನ ಮೂರೂವರೆಗೆ

ಮಾನ್ಯ ಸಂಪಾದಕರೇ,

ಆಸ್ಟ್ರಿಯಾದ ಆಲ್ಪ್ಸ್ ಸೀಮೆಯ ಹಿಮಕ್ರೀಡಾ ಊರುಗಳ ರಾತ್ರಿಜೀವನವನ್ನು ಕುರಿತು ತಮ್ಮ ಪ್ರವಾಸ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ನಾನಿರುವ ಮ್ಯೂನಿಕ್‌ನಿಂದ ಆ ಊರುಗಳು ಕಾರಿನಲ್ಲಿ ಕೆಲವೇ ಗಂಟೆಗಳ ದಾರಿಯಾದ್ದರಿಂದ, ಅಲ್ಲಿನ ಹಾಡು, ಕುಣಿತ, ಬಿಸಿ ವೈನುಗಳ ವರ್ಣನೆಯಲ್ಲಿ ಉತ್ಪ್ರೇಕ್ಷೆಯಿಲ್ಲವೆಂದು ಹೇಳಬಲ್ಲೆ. ಆದರೆ ಲೇಖಕರು ಇಡೀ ವ್ಯವಹಾರವನ್ನು ಬೆಂಗಳೂರಿನ ಪಬ್ಬುಗಳ ಹಾಗೆ ಕತ್ತಲಾದ ಮೇಲೆ ಆರಂಭವಾಗುವ ಮೋಜೆಂದು ಚಿತ್ರಿಸಿದ್ದಾರೆ. ವಾಸ್ತವದಲ್ಲಿ ಅಲ್ಲಿನ ಪ್ರಸಿದ್ಧ ಬಾರುಗಳು ಕಿಕ್ಕಿರಿಯುವುದು ಮಧ್ಯಾಹ್ನ ಮೂರು, ಮೂರೂವರೆಯ ಹೊತ್ತಿಗೆ. ಈ ವೇಳೆಯ ಮಾತನ್ನು ಬಿಟ್ಟರೆ, ಓದುಗರು ತಿಳಿಯಲೇಬೇಕಾದ ಉಳಿದ ಸಂಗತಿಗಳೂ ಬಿಟ್ಟುಹೋಗುತ್ತವೆ ಎಂಬ ಕಾರಣಕ್ಕೆ ಈ ಪತ್ರ.

ಸೇಂಟ್ ಆಂಟನ್‌ನಂಥ ಊರಿನಲ್ಲಿ ಹೆಸರುವಾಸಿಯಾದ ಕುಡಿತದ ಮನೆಗಳು ಊರೊಳಗಿಲ್ಲ. ಊರಿನಿಂದ ಮೇಲೆ, ಸ್ಕೀ ಮಾಡುತ್ತ ಇಳಿಯುವ ದಾರಿಯ ಪಕ್ಕದಲ್ಲೇ ಇವೆ. ದಿನವಿಡೀ ಆಡಿ ದಣಿದವರು ಹಲಗೆಗಳನ್ನು ಹೊರಗೆ ಹಿಮದಲ್ಲಿ ನೆಟ್ಟು, ಭಾರವಾದ ಬೂಟುಗಳಲ್ಲೇ ಮೇಜು ಹತ್ತಿ ಕುಣಿಯುತ್ತಾರೆ. ಕುಡಿದು ಮುಗಿದ ಮೇಲೆ ಅವರಲ್ಲಿ ಬಹಳ ಮಂದಿ ಅದೇ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಮಬ್ಬುಗತ್ತಲಲ್ಲಿ, ಸಂಜೆಯ ಚಳಿಗೆ ಗಟ್ಟಿಯಾಗುತ್ತಿರುವ ಇಳಿಜಾರಿನಲ್ಲಿ ಊರಿಗೆ ಇಳಿಯಬೇಕು. ನಮ್ಮೂರಿನ ಕುಡುಕನಿಗಾದರೆ ಆಟೊ ಸಿಗುತ್ತದೆ. ಅದೇ ಹೊತ್ತಿಗೆ ಮುಚ್ಚಿದ ಇಳಿಜಾರುಗಳಲ್ಲಿ ಹಿಮ ಸಮಮಾಡುವ ಯಂತ್ರಗಳು ಕೆಲಸಕ್ಕೆ ಇಳಿದಿರುತ್ತವೆ. ಕಡಿದಾದ ಜಾಗಗಳಲ್ಲಿ ಆ ಯಂತ್ರಗಳನ್ನು ಮೇಲಿನಿಂದ ನೂರಾರು ಮೀಟರ್ ಉದ್ದದ ಉಕ್ಕಿನ ಹಗ್ಗಗಳು ಹಿಡಿದಿರುತ್ತವೆ. ಕತ್ತಲಲ್ಲಿ ಕಣ್ಣಿಗೆ ಕಾಣದ ಆ ಹಗ್ಗಗಳಿಂದ ಪ್ರಾಣಾಪಾಯವಿದೆಯೆಂದು ಅಲ್ಲಲ್ಲಿ ಎಚ್ಚರಿಕೆಯ ಫಲಕಗಳಿದ್ದರೂ ಕುಡಿದವರು ಓದುವುದು ಅಷ್ಟಕ್ಕಷ್ಟೇ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಿದೆಯೆಂದು ಅನ್ನಿಸುತ್ತದೆ, ದೇಹ ಮಾತ್ರ ಶಾಖವನ್ನು ಇನ್ನೂ ಬೇಗ ಕಳೆದುಕೊಳ್ಳುತ್ತಿರುತ್ತದೆ. ದಾರಿಬದಿಯಲ್ಲಿ ಹತ್ತು ನಿಮಿಷ ಕೂರುತ್ತೇನೆಂದು ಕುಳಿತವನಿಗೆ ಇದರ ಅರಿವಿರುವುದಿಲ್ಲ.

ಕಾನೂನೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಇಟಲಿಯಲ್ಲಿ 2022ರ ಜನವರಿ 1ರಿಂದ ಕುಡಿದು ಸ್ಕೀ ಮಾಡುವುದು ನಿಷಿದ್ಧ, ಇತರರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ. ಕಾರು ಓಡಿಸುವವರಿಗೆ ಮದ್ಯದ ಮಿತಿಯನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸಿರುವ ಆಸ್ಟ್ರಿಯಾದಲ್ಲಾದರೋ ಸ್ಕೀ ಮಾಡುವವರಿಗೆ ಅಂಥ ಮಿತಿಯೇ ಇಲ್ಲ. ಡಿಕ್ಕಿಯಾದ ಮೇಲೆ ನ್ಯಾಯಾಲಯ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ನಡವಳಿಕೆಯ ನಿಯಮಗಳನ್ನು ಮುಂದಿಟ್ಟುಕೊಂಡು ತಪ್ಪು ಯಾರದೆಂದು ನೋಡುತ್ತದೆ, ಅಷ್ಟೆ. ಭಾರತದಿಂದ ಹೊರಡುವವರು ಕೊಳ್ಳುವ ಪ್ರವಾಸ ವಿಮೆಗಳಲ್ಲಿ ಮದ್ಯದ ಅಮಲಿನಲ್ಲಾದ ಅಪಘಾತವನ್ನು ಹೊರಗಿಡುವ ಷರತ್ತು ಸಾಮಾನ್ಯ. ವಿಮೆ ಕೈಬಿಟ್ಟರೆ, ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದ್ದಕ್ಕೆ ಸಾವಿರಾರು ಯೂರೋಗಳ ಬಿಲ್ಲು ಗಾಯಾಳುವಿನ ಹೆಸರಿಗೇ ಬರುತ್ತದೆ.

ಹಾಗಾದರೆ ಆ ಊರುಗಳು ಇದನ್ನೆಲ್ಲ ಯಾಕೆ ಬಿಟ್ಟುಕೊಂಡಿವೆ ಎಂಬ ಪ್ರಶ್ನೆ ಸಹಜ. ಟಿರೋಲ್ ಪ್ರಾಂತ್ಯದ ಪಾಟ್ಸ್‌ನೌನ್ ಕಣಿವೆಯ ಇಶ್‌ಗ್ಲ್ ಎಂಬ ಊರನ್ನೇ ನೋಡಿ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಟಿರೋಲ್‌ನ ಇಂಥ ಬಡ ಕಣಿವೆಗಳ ಮಕ್ಕಳು ವಸಂತಕಾಲದಲ್ಲಿ, ಇನ್ನೂ ಹಿಮವಿರುವ ಘಟ್ಟಗಳನ್ನು ನಡೆದು ದಾಟಿ, ದಕ್ಷಿಣ ಜರ್ಮನಿಯ ಶ್ವಾಬಿಯಾ ಸೀಮೆಯ ರೈತರ ಮನೆಗಳಲ್ಲಿ ದನ ಕಾಯಲು ಹೋಗುತ್ತಿದ್ದರು. ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗುವುದೇ ತಂದೆತಾಯಿಗೆ ಲಾಭವಾಗಿತ್ತು. 1963ರಲ್ಲಿ ಇಶ್‌ಗ್ಲ್‌ಗೆ ಕೇಬಲ್ ಕಾರ್ ಬಂತು. ಇಂದು ಸುಮಾರು 1,600 ಜನರಿರುವ ಆ ಊರಿನಲ್ಲಿ ಅತಿಥಿಗಳಿಗೆ 10,000ಕ್ಕೂ ಹೆಚ್ಚು ಹಾಸಿಗೆಗಳಿವೆ. ಎಲ್ಟನ್ ಜಾನ್‌ರಂಥ ಗಾಯಕರನ್ನು ಕರೆಸಿ ಬೆಟ್ಟದ ಮೇಲೆ ಕಛೇರಿ ನಡೆಸುವಷ್ಟು ಸಿರಿ ಒಂದೆರಡು ತಲೆಮಾರಿನಲ್ಲಿ ಬಂದಿದೆ. ಅಜ್ಜನ ಕಾಲದ ಹಸಿವನ್ನು ಕೇಳಿ ಬೆಳೆದವರಿಗೆ, ಬಾರನ್ನು ಒಂದು ವಾರ ಬೇಗ ಮುಚ್ಚಿ ಎನ್ನುವ ಮಾತು ಎಷ್ಟು ಕಹಿಯೆಂದು ನಾವು ಊಹಿಸಬಹುದು.

2020ರ ಮಾರ್ಚ್‌ನಲ್ಲಿ ಆದದ್ದು ಅದೇ, ಮತ್ತು ಲೇಖನದಲ್ಲಿ ಅದರ ಒಂದು ಸಾಲೂ ಇಲ್ಲದಿರುವುದು ನನಗೆ ಅಚ್ಚರಿ ತಂದಿತು. ಅಲ್ಲಿಂದ ಹಿಂದಿರುಗಿದ ತನ್ನ ಪ್ರಜೆಗಳಲ್ಲಿ ಕೊರೊನಾ ಸೋಂಕು ಕಂಡ ಐಸ್‌ಲ್ಯಾಂಡ್, ಮಾರ್ಚ್ 5ರಂದು ಇಶ್‌ಗ್ಲ್ ಅಪಾಯದ ಪ್ರದೇಶವೆಂದು ಸಾರಿತು. ಸೋಂಕು ವಿಮಾನದಲ್ಲಿ ತಗುಲಿರಬೇಕು, ಟಿರೋಲ್‌ನಲ್ಲಿ ಅಲ್ಲ ಎಂಬಂತೆ ಪ್ರಾಂತ್ಯದ ಆಡಳಿತ ಹೇಳಿಕೆ ಕೊಟ್ಟಿತು. 7ರಂದು ಒಂದು ಬಾರಿನ ನೌಕರನಿಗೆ ಸೋಂಕು ಖಚಿತವಾಯಿತು. 9ರಂದು ಆ ಬಾರು, 10ರಂದು ಇಂಥ ಇತರ ಬಾರುಗಳು ಮುಚ್ಚಿದವು. 13ರಂದು ಇಡೀ ಕಣಿವೆಗೂ ಸೇಂಟ್ ಆಂಟನ್‌ಗೂ ದಿಗ್ಬಂಧನ ಹಾಕಿರುವುದಾಗಿ ಚಾನ್ಸಲರ್ ದಿಢೀರನೆ ಪ್ರಕಟಿಸಿದಾಗ ಸಾವಿರಾರು ಅತಿಥಿಗಳು ಗಲಿಬಿಲಿಯಲ್ಲಿ ಊರು ಬಿಟ್ಟರು. ಏಪ್ರಿಲ್‌ನಲ್ಲಿ ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯ ಪರೀಕ್ಷಿಸಿದಾಗ ಊರಿನವರಲ್ಲಿ ಶೇ 42.4ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಅಧಿಕಾರಿಗಳು ತಪ್ಪು ಲೆಕ್ಕ ಹಾಕಿದರೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ತನಿಖಾ ಆಯೋಗ ವರದಿ ಕೊಟ್ಟಿತು, ಆದರೆ ಪ್ರವಾಸೋದ್ಯಮದವರು ಒತ್ತಡ ಹೇರಿದ್ದಕ್ಕೆ ಆಧಾರ ಸಿಗಲಿಲ್ಲವೆಂದಿತು. 2021ರ ನವೆಂಬರ್‌ನಲ್ಲಿ ಕ್ರಿಮಿನಲ್ ತನಿಖೆಯನ್ನು ಕೈಬಿಡಲಾಯಿತು. ಆಯೋಗದ ಮಾತನ್ನು ನಾನು ಒಪ್ಪುತ್ತೇನೆ. ಕಣಿವೆಯ ಪ್ರತಿಯೊಂದು ಮನೆಯ ಅನ್ನವೂ ಅದೇ ಋತುವಿನಿಂದ ಬರುವಾಗ, ಯಾರೂ ಯಾರಿಗೂ ಫೋನ್ ಮಾಡಿ ಒತ್ತಡ ಹೇರಬೇಕಾದ ಅಗತ್ಯವಿರುವುದಿಲ್ಲ.

ಊರಿನವರು ಕೈಕಟ್ಟಿ ಕುಳಿತಿದ್ದಾರೆಂದು ಹೇಳಿದರೆ ಅನ್ಯಾಯವಾದೀತು. ರಾತ್ರಿ ಎಂಟರ ನಂತರ ಸ್ಕೀ ಬೂಟು ತೊಟ್ಟು, ಹಲಗೆ ಹೊತ್ತು ಊರ ನಡುವೆ ತಿರುಗಬಾರದೆಂಬ ನಿಯಮವನ್ನು ಇಶ್‌ಗ್ಲ್ ಮಹಾಮಾರಿಗೂ ಮುಂಚೆಯೇ ಮಾಡಿತ್ತು. (2019ರ ನವೆಂಬರ್‌ನಲ್ಲಿ ದೇಶದ ಬಾರುಗಳೊಳಗೆ ಸಿಗರೇಟು ನಿಷೇಧವಾದ ಮೇಲೆ ಸೇದುವವರೆಲ್ಲ ಬೀದಿಗೆ ಬಂದು, ನಿದ್ರೆ ಮಾಡಬೇಕಾದ ಊರಿನವರಿಗೆ ಇನ್ನೊಂದು ಕಾಟ ಸೇರಿಕೊಂಡಿತೆನ್ನಿ.) ಆದರೆ ಎಂಟರ ನಿಯಮ ಊರ ಬೀದಿಯನ್ನು ಕಾಯುತ್ತದೆಯೇ ಹೊರತು ಮೂರೂವರೆಯಿಂದ ಐದೂವರೆಯವರೆಗಿನ ಇಳಿಜಾರನ್ನು ಕಾಯುವುದಿಲ್ಲ. ಇಟಲಿಯಂತೆ ಆಸ್ಟ್ರಿಯಾವೂ ಒಂದು ಮಿತಿಯನ್ನು ಗೊತ್ತುಪಡಿಸಬೇಕೆಂಬುದು ನನ್ನ ಅಭಿಪ್ರಾಯ.

ಜರ್ಮನಿಯ ನಗರಗಳಲ್ಲಿ ಕೆಲಸಕ್ಕೂ ಓದಿಗೂ ಬಂದಿರುವ ಕನ್ನಡದ ಎಷ್ಟೋ ಯುವಕ ಯುವತಿಯರು ವಾರಾಂತ್ಯಕ್ಕೆ ಈ ಊರುಗಳಿಗೆ ಹೋಗುತ್ತಾರೆ. ಸ್ಕೀ ಹಲಗೆಯ ಮೇಲೆ ನಿಲ್ಲುವುದೂ ಅವರಲ್ಲಿ ಹಲವರಿಗೆ ಹೊಸತು. ಇಂಥ ಲೇಖನವನ್ನು ತಾವು ಮತ್ತೆ ಪ್ರಕಟಿಸುವುದಾದರೆ, ಕೊನೆಯ ಕೇಬಲ್ ಕಾರ್ ಎಷ್ಟು ಗಂಟೆಗೆ ಇಳಿಯುತ್ತದೆ, ಬಾರಿನಿಂದ ಊರಿಗೆ ನಡೆದು ಬರುವ ದಾರಿ ಯಾವುದು, ವಿಮೆಯ ಷರತ್ತೇನು ಎಂಬುದನ್ನೂ ವೈನಿನ ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ, ಮ್ಯೂನಿಕ್