ಫೈಲು ಎತ್ತಿಡುವ ಕೆಲಸ ಕಂಪ್ಯೂಟರಿಗೆ ಕೊಡಿ, ಆದರೆ ಗುಮಾಸ್ತನ ಕೈಯಿಂದಲೇ ಕೊಡಿಸಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಬರೆದಿದ್ದರು. ಇನ್ನು ಮೇಲೆ ಫೈಲು ಎತ್ತಿಡುವುದು, ಹೆಸರು ಹಾಕುವುದು, ಮೇಲ್ ಕಳಿಸುವುದು ಎಲ್ಲ ಕಂಪ್ಯೂಟರೇ ಮಾಡಿಕೊಳ್ಳುತ್ತದೆ, ಗುಮಾಸ್ತರು ಗಂಟುಮೂಟೆ ಕಟ್ಟಬೇಕು ಅಂತ. ನಾನು ದಾವಣಗೆರೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಹದಿನಾಲ್ಕು ವರ್ಷದಿಂದ ಗುಮಾಸ್ತ. ಆ ಓದುಗರು ಹೇಳಿದ ಕೆಲಸವನ್ನು ನಮ್ಮ ಆಫೀಸಿನಲ್ಲಿ ಕಂಪ್ಯೂಟರಿಗೆ ಒಪ್ಪಿಸಿ ಎರಡು ವರ್ಷ ಆಯ್ತು. ಒಪ್ಪಿಸಿದವನು ನಾನೇ. ಇನ್ನೂ ಗಂಟುಮೂಟೆ ಕಟ್ಟಿಲ್ಲ. ರಾತ್ರಿ ಎಂಟಾದರೂ ಮನೆಗೆ ಬರುವುದಿಲ್ಲ ಅಂತ ಮನೆಯಲ್ಲಿ ಬೈಯುತ್ತಾರೆ, ಅದು ಬೇರೆ ಮಾತು.

ಮೊದಲು ಆ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ನಮ್ಮದು ಸಣ್ಣ ಆಫೀಸು, ಮಂಡಿಪೇಟೆ ಕಡೆಯ ಅಂಗಡಿಗಳು, ಒಂದೆರಡು ಅಕ್ಕಿ ಗಿರಣಿ, ಹಾರ್ಡ್‌ವೇರ್‌ನವರು, ಹೀಗೆ ಅರವತ್ತು ಚಿಲ್ಲರೆ ಪಾರ್ಟಿಗಳು. ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ, ಹೋಗಬೇಕು, 20ರೊಳಗೆ 3ಬಿ, ಅಂದರೆ ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್. ಅದಕ್ಕೆ ಮುಂಚೆ ಬಿಲ್ಲುಗಳು ಬರಬೇಕು. ಬರುತ್ತವೆ, ಆದರೆ ಹೇಗೆ? 'ಸ್ಕ್ಯಾನ್0001' ಅಂತ ಒಬ್ಬರು, 'ಬಿಲ್ ಹೊಸದು ಫೈನಲ್ 2' ಅಂತ ಇನ್ನೊಬ್ಬರು, ಹೆಸರೇ ಇಲ್ಲದ ಹನ್ನೊಂದು ಪಿಡಿಎಫ್ ಒಟ್ಟಿಗೆ ಮತ್ತೊಬ್ಬರು. ಬೆಳಿಗ್ಗೆ ಬಂದ ಕೂಡಲೇ ಮೇಲ್ ತೆಗೆಯುವುದು, ಒಂದೊಂದೇ ಇಳಿಸಿಕೊಳ್ಳುವುದು, ತೆರೆದು ನೋಡಿ ಹೆಸರು ಬದಲಿಸುವುದು, ಪಾರ್ಟಿಯ ಫೋಲ್ಡರಿಗೆ ಹಾಕುವುದು, ಆವಕ ರಿಜಿಸ್ಟರಿನಲ್ಲಿ ಬರೆಯುವುದು. ಒಂದೂವರೆ ಗಂಟೆ. ತಿಂಗಳ ಮೊದಲ ವಾರ ಮೂರು ಗಂಟೆ. ಇದನ್ನು ಮಾಡಲು ಬಿಕಾಂ ಓದಬೇಕಾಗಿರಲಿಲ್ಲ.

ಈಗ ಇದನ್ನು ಮಾಡುವುದು ಗೂಗಲ್ ಆಪ್ಸ್ ಸ್ಕ್ರಿಪ್ಟ್, ಅಂದರೆ ನಾವು ಬರೆದಿಟ್ಟ ಸೂಚನೆಗಳನ್ನು ತಾನಾಗೇ ನಡೆಸುವ ಗೂಗಲ್‌ನವರ ಸೌಲಭ್ಯ. ಇದೇನೂ ನಿನ್ನೆ ಮೊನ್ನೆ ಬಂದದ್ದಲ್ಲ, 2009ರಿಂದ ಇದೆ. ಜಿಮೇಲ್ ಖಾತೆ ಇರುವವರಿಗೆಲ್ಲ ಪುಕ್ಕಟೆ ಸಿಗುತ್ತದೆ. ಪಾರ್ಟಿಗಳಿಂದ ಲಗತ್ತು ಇರುವ ಮೇಲ್ ಬಂದರೆ ಜಿಮೇಲ್‌ನ ಫಿಲ್ಟರ್ ಅದಕ್ಕೆ 'ಬಿಲ್' ಅಂತ ಲೇಬಲ್ ಅಂಟಿಸುತ್ತದೆ. ಗಂಟೆಗೊಂದು ಸಲ ಸ್ಕ್ರಿಪ್ಟ್ ಎದ್ದು ಆ ಲೇಬಲ್ ಇರುವ ಮೇಲ್‌ಗಳನ್ನು ನೋಡಿ, ಪಿಡಿಎಫ್ ತೆಗೆದು, ಹೆಸರಿಟ್ಟು, ಡ್ರೈವ್‌ನಲ್ಲಿ ಆ ಪಾರ್ಟಿಯ ಆ ತಿಂಗಳ ಫೋಲ್ಡರಿಗೆ ಹಾಕುತ್ತದೆ, ಶೀಟಿನಲ್ಲಿ ಒಂದು ಸಾಲು ಬರೆಯುತ್ತದೆ, ಲೇಬಲ್ ಕಿತ್ತುಹಾಕುತ್ತದೆ. ನಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ, ಕರೆಂಟ್ ಹೋದರೂ ನಡೆಯುತ್ತದೆ, ಯಾಕೆಂದರೆ ಅದು ಓಡುವುದು ಗೂಗಲ್‌ನವರ ಮೆಷಿನ್ನಿನಲ್ಲಿ. ಒಂದು ಸಲಕ್ಕೆ ಆರು ನಿಮಿಷಕ್ಕಿಂತ ಜಾಸ್ತಿ ಓಡಲು ಬಿಡುವುದಿಲ್ಲ, ಪುಕ್ಕಟೆ ಖಾತೆಯಿಂದ ದಿನಕ್ಕೆ ನೂರು ಜನಕ್ಕಿಂತ ಹೆಚ್ಚು ಜನಕ್ಕೆ ಮೇಲ್ ಕಳಿಸಲು ಬಿಡುವುದಿಲ್ಲ. ನಮ್ಮಂಥ ಆಫೀಸಿಗೆ ಅಷ್ಟು ಸಾಕು.

ಕೇಳಲು ಚೆನ್ನಾಗಿದೆ ಅಲ್ವಾ. ಆದರೆ ಇದು ಸರಿಹೋಗುವ ಮೊದಲು ನಾನು ಪಟ್ಟ ಪಾಡು ಹೇಳದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಮೊದಲ ದಿನ ಡ್ರೈವ್ ತೆಗೆದರೆ 12ನೇ ತಿಂಗಳು, 37ನೇ ತಿಂಗಳು, 41ನೇ ತಿಂಗಳು ಅಂತ ಫೋಲ್ಡರುಗಳು ಎದ್ದು ನಿಂತಿವೆ. ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯಿತು, ತಾರೀಖಿನ ನಮೂನೆಯಲ್ಲಿ ತಿಂಗಳಿಗೆ ದೊಡ್ಡ 'ಎಂ' ಎರಡು ಹಾಕಬೇಕು, ನಾನು ಚಿಕ್ಕ 'ಎಂ' ಹಾಕಿದ್ದೆ. ಚಿಕ್ಕದು ಅಂದರೆ ನಿಮಿಷ. ಹತ್ತು ಗಂಟೆ ಮೂವತ್ತೇಳು ನಿಮಿಷಕ್ಕೆ ಓಡಿಸಿದ್ದಕ್ಕೆ 37ನೇ ತಿಂಗಳು ಹುಟ್ಟಿತ್ತು. ಈ ತಪ್ಪು ಕಣ್ಣಿಗೆ ಕಾಣುವ ತಪ್ಪು, ನಕ್ಕು ಸರಿ ಮಾಡಿದೆವು.

ಎರಡನೆಯದು ಕಾಣುವ ತಪ್ಪಾಗಿರಲಿಲ್ಲ. ಒಬ್ಬ ಪಾರ್ಟಿ ಪ್ರತಿ ಸಲ ಹೊಸ ಮೇಲ್ ಬರೆಯುವುದಿಲ್ಲ, ಹಳೆಯ ಮೇಲ್‌ಗೇ ರಿಪ್ಲೈ ಒತ್ತಿ ಹೊಸ ಬಿಲ್ಲು ಲಗತ್ತಿಸುತ್ತಾರೆ. ಜಿಮೇಲ್ ಇವನ್ನೆಲ್ಲ ಒಂದೇ ಸರಪಳಿ ಅಂತ ಲೆಕ್ಕ ಹಾಕುತ್ತದೆ. ಹೊಸ ಮೇಲ್ ಬಂದ ಕೂಡಲೇ ಇಡೀ ಸರಪಳಿಗೆ ಮತ್ತೆ 'ಬಿಲ್' ಲೇಬಲ್ ಬಿದ್ದು, ನನ್ನ ಸ್ಕ್ರಿಪ್ಟ್ ಮೊದಲಿನಿಂದ ಕೊನೆಯವರೆಗೆ ಎಲ್ಲ ಬಿಲ್ಲುಗಳನ್ನೂ ಇನ್ನೊಂದು ಸಲ ಎತ್ತಿಟ್ಟಿತು. ಡ್ರೈವ್ ಬೇರೆ, ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇದ್ದರೂ ತಕರಾರು ಮಾಡುವುದಿಲ್ಲ. ನಮ್ಮ ಆಫೀಸಿನ ಹುಡುಗಿ ಎರಡನ್ನೂ ಖರೀದಿ ಲೆಕ್ಕಕ್ಕೆ ಸೇರಿಸಿದಳು. ಅವಳದೇನು ತಪ್ಪು? ಎದುರಿಗೆ ಎರಡು ಫೈಲು ಇತ್ತು. 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದಲ್ಲ, ಅದಕ್ಕೆ ತಾಳೆ ಹಾಕುವಾಗ ನಮ್ಮ ಲೆಕ್ಕ ಜಾಸ್ತಿ ಬಂತು. ಅರ್ಧ ದಿನ ಹುಡುಕಿದೆವು. ಬಿಲ್ ನಂಬರ್ ನೋಡಿ ಹಿಡಿದೆ. 2ಬಿ ತಾಳೆ ಹಾಕುವ ಅಭ್ಯಾಸ ಇಲ್ಲದ ಆಫೀಸಾಗಿದ್ದರೆ ಆ ಪಾರ್ಟಿಗೆ ಇಲ್ಲದ ತೆರಿಗೆ ಕ್ರೆಡಿಟ್ ತೆಗೆದುಕೊಟ್ಟು, ಮುಂದೊಂದು ದಿನ ಬಡ್ಡಿ ಸಮೇತ ಕಟ್ಟಿಸುತ್ತಿದ್ದೆವು.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳಿದೆ ಅಂದರೆ, ಆ ಪಾರ್ಟಿ ರಿಪ್ಲೈ ಒತ್ತಿಯೇ ಕಳಿಸುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಸಾಫ್ಟ್‌ವೇರ್ ಮಾರುವವರಿಗೆ ಗೊತ್ತಿರುವುದಿಲ್ಲ. ನಾನು ಇದನ್ನು ಮಾಡುವ ಮೊದಲು ನಮ್ಮಲ್ಲಿಗೂ ಒಬ್ಬರು ಟೈ ಕಟ್ಟಿಕೊಂಡು ಬಂದಿದ್ದರು. ವರ್ಷಕ್ಕೆ ಇಷ್ಟು ದುಡ್ಡು ಕಟ್ಟಿ, ಎಲ್ಲ ಆಟೊಮೇಷನ್ ಆಗಿಬಿಡುತ್ತದೆ ಅಂದರು. ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ತೋರಿಸಿದ ಬಿಲ್ಲುಗಳೆಲ್ಲ ನೆಟ್ಟಗೆ, ಬೆಳ್ಳಗೆ, ಒಂದೇ ಅಳತೆಯವು. ನಾನು ನಮ್ಮ ಒಂದು ಬಿಲ್ಲು ಕೊಟ್ಟೆ, ಎಣ್ಣೆ ಕಲೆ ಇದ್ದದ್ದು, ಓರೆಯಾಗಿ ಫೋಟೊ ತೆಗೆದದ್ದು. ಅವರು ಟೀ ಕುಡಿದು ಹೊರಟರು.

ಹೆಸರಿನ ವಿಷಯವನ್ನೇ ತೆಗೆದುಕೊಳ್ಳಿ. ಒಬ್ಬರೇ ಮಂಜುನಾಥರ ಅಂಗಡಿ ಹೆಸರನ್ನು ನಮ್ಮ ಆಫೀಸಿನ ಮೂವರು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಿದ್ದೆವು, ಹಳೆಯ ಫೈಲುಗಳು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಆ ಹಳೆಯ ಫಾಂಟಿನ ಅಕ್ಷರ ಒಳಗೆ ಕನ್ನಡವಾಗಿ ಉಳಿದಿರುವುದೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಈಗ ಎಲ್ಲ ಕಡೆ ಬಳಸುವ ಯುನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಮನುಷ್ಯರಿಗೆ ಮೂರೂ ಒಬ್ಬರೇ ಅಂತ ತಿಳಿಯುತ್ತದೆ, ಸ್ಕ್ರಿಪ್ಟಿಗೆ ಮೂರು ಜನ. ಹಾಗಾಗಿ ಹೆಸರಿನ ಸಹವಾಸವೇ ಬೇಡ ಅಂತ ಜಿಎಸ್‌ಟಿ ನಂಬರನ್ನು ಹಿಡಿದುಕೊಂಡೆ. ಹದಿನೈದು ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು, ಆಮೇಲೆ ಪ್ಯಾನ್ ನಂಬರ್. ಯಾರೂ ಅದನ್ನು ಎರಡು ಥರ ಬರೆಯಲು ಆಗುವುದಿಲ್ಲ. ಶೀಟಿನಲ್ಲಿ ಪ್ರತಿ ಮೇಲ್ ವಿಳಾಸದ ಎದುರು ಅವರ ನಂಬರ್ ಬರೆದಿಟ್ಟೆ. ಈ ಪಟ್ಟಿ ಮಾಡಲು ಹತ್ತು ದಿನ ಹಿಡಿಯಿತು. ಸ್ಕ್ರಿಪ್ಟ್ ಬರೆಯಲು ಎರಡು ದಿನ. ಈಗಂತೂ ಎಐ ಕೇಳಿದರೆ ಹತ್ತು ನಿಮಿಷಕ್ಕೆ ಬರೆದುಕೊಡುತ್ತದೆ, ಆದರೆ ಆ ಪಟ್ಟಿಯನ್ನು ಯಾರು ಕೊಡುತ್ತಾರೆ?

ಅದರಲ್ಲೂ ಒಂದು ಕಡೆ ಸಿಕ್ಕಿಬಿದ್ದೆ. ಅಣ್ಣ ತಮ್ಮ ಇಬ್ಬರು, ಮೂರು ವರ್ಷದ ಹಿಂದೆ ಬೇರೆ ಆದರು. ಅಂಗಡಿ ಎರಡಾಯಿತು, ಜಿಎಸ್‌ಟಿ ನಂಬರ್ ಎರಡಾಯಿತು, ಮೇಲ್ ವಿಳಾಸ ಮಾತ್ರ ಇವತ್ತಿಗೂ ಒಂದೇ. ಸ್ಕ್ರಿಪ್ಟ್ ಎಲ್ಲವನ್ನೂ ಅಣ್ಣನಿಗೇ ಹಾಕುತ್ತಿತ್ತು. ಆಮೇಲೆ ನಾನು 'ನೋಡಬೇಕು' ಅಂತ ಒಂದು ಫೋಲ್ಡರ್ ಮಾಡಿದೆ. ಅನುಮಾನ ಬಂದದ್ದು, ಎರಡು ನಂಬರ್ ಇರುವುದು, ಪಟ್ಟಿಯಲ್ಲಿ ಇಲ್ಲದ ವಿಳಾಸದಿಂದ ಬಂದದ್ದು, ಎಲ್ಲ ಅಲ್ಲಿಗೆ ಬೀಳಲಿ. ಬೆಳಿಗ್ಗೆ ಟೀ ಜೊತೆಗೆ ಆ ಫೋಲ್ಡರ್ ನೋಡುತ್ತೇನೆ. ಹದಿನೈದು ನಿಮಿಷ. ನನ್ನ ಪ್ರಕಾರ ಇಡೀ ಏರ್ಪಾಡಿನಲ್ಲಿ ಬೆಲೆ ಬಾಳುವುದು ಅದೊಂದೇ ಫೋಲ್ಡರ್.

ವಾಟ್ಸ್‌ಆ್ಯಪ್ ಒಂದು ತಲೆನೋವು ಹಾಗೇ ಉಳಿದಿದೆ. ಅರ್ಧ ಜನ ಫೋಟೊ ತೆಗೆದು ಅದರಲ್ಲೇ ಕಳಿಸುತ್ತಾರೆ. ನಾವು ನೀವು ಬಳಸುವ ವಾಟ್ಸ್‌ಆ್ಯಪ್‌ಗೆ ಈ ಸ್ಕ್ರಿಪ್ಟು ಕೈ ಹಾಕಲು ಆಗುವುದಿಲ್ಲ, ಅದಕ್ಕೆ ಕಂಪನಿಗಳಿಗೆ ಅಂತಲೇ ಬೇರೆ ದಾರಿ, ಬೇರೆ ಖರ್ಚು. ಗೂಗಲ್ ಫಾರ್ಮ್ ಮಾಡಿ ಕೊಟ್ಟೆ, ಅದರಲ್ಲಿ ಫೈಲ್ ಹಾಕಬೇಕೆಂದರೆ ಗೂಗಲ್ ಖಾತೆಗೆ ಲಾಗಿನ್ ಆಗಬೇಕು, ಪಾಸ್‌ವರ್ಡ್ ಮಗನಿಗೆ ಗೊತ್ತು, ಮಗ ಬೆಂಗಳೂರಿನಲ್ಲಿ. ಒಬ್ಬ ಹಿರಿಯರು ಮಾತ್ರ ಇವತ್ತಿಗೂ ಬಿಲ್ಲುಗಳನ್ನು ಬಟ್ಟೆ ಚೀಲದಲ್ಲಿ ತಂದು ಟೇಬಲ್ ಮೇಲೆ ಸುರಿಯುತ್ತಾರೆ. ನಿಜ ಹೇಳಬೇಕೆಂದರೆ ಅವರ ಲೆಕ್ಕವೇ ಎಲ್ಲರಿಗಿಂತ ಸರಿ ಇರುತ್ತದೆ.

ಈಗ ಮಾಲೀಕರಿಗೆ ಒಂದು ಮಾತು. ಈ ಸ್ಕ್ರಿಪ್ಟುಗಳು ಮಾಡಿದವರ ಖಾತೆಯ ಹೆಸರಿನಲ್ಲೇ ಓಡುತ್ತವೆ. ನಮ್ಮಲ್ಲಿ ಮೊದಲು ಒಬ್ಬ ಹುಡುಗ ಪಾರ್ಟಿಗಳಿಗೆ ಗಡುವು ನೆನಪಿಸುವ ಮೇಲ್ ತಾನಾಗೇ ಹೋಗುವ ಹಾಗೆ ಮಾಡಿಕೊಟ್ಟಿದ್ದ, ತನ್ನ ಸ್ವಂತ ಜಿಮೇಲ್‌ನಿಂದ. ಒಳ್ಳೆಯ ಹುಡುಗ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಪಾಸ್‌ವರ್ಡ್ ಬದಲಿಸಿದ, ಆ ಖಾತೆ ಮುಚ್ಚಿದ. ನೆನಪಿನ ಮೇಲ್ ನಿಂತಿತು. ನಿಂತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಸ್ಕ್ರಿಪ್ಟ್ ಕೆಟ್ಟರೆ ದೂರಿನ ಮೇಲ್ ಬರುವುದೂ ಅದನ್ನು ಮಾಡಿದವನಿಗೇ. ಗುಮಾಸ್ತ ರಜೆ ಹಾಕಿದರೆ ಖಾಲಿ ಕುರ್ಚಿ ಕಾಣುತ್ತದೆ. ಸ್ಕ್ರಿಪ್ಟ್ ರಜೆ ಹಾಕಿದರೆ ಕುರ್ಚಿಯೇ ಇಲ್ಲವಲ್ಲ. ಅದಕ್ಕೆ ಈಗ ಆಫೀಸಿನ ಹೆಸರಿನಲ್ಲೇ ಒಂದು ಖಾತೆ ಮಾಡಿ ಅಲ್ಲಿಂದ ಓಡಿಸುತ್ತಿದ್ದೇವೆ, ಏನು ಎಲ್ಲಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದಿಟ್ಟಿದ್ದೇನೆ. ಪ್ರತಿದಿನ ಸಂಜೆ ಆರಕ್ಕೆ 'ಇವತ್ತು ಇಷ್ಟು ಬಿಲ್ಲು ಬಂತು' ಅಂತ ಮೂವರಿಗೂ ಮೇಲ್ ಬರುತ್ತದೆ. ಸೊನ್ನೆ ಬಂದರೂ ಬರುತ್ತದೆ. ಬರದೇ ಇದ್ದರೆ ಏನೋ ಕೆಟ್ಟಿದೆ ಅಂತ ಅರ್ಥ.

ದೊಡ್ಡ ಕಂಪನಿಗಳಲ್ಲಿ ಇದೇನೂ ಬೇರೆ ಅಲ್ಲ. ಬೆಂಗಳೂರಿನಲ್ಲಿರುವ ನನ್ನ ಸ್ನೇಹಿತನ ಆಫೀಸಿನಲ್ಲಿ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಇದೆ. 2016ರಲ್ಲಿ ಫ್ಲೋ ಅಂತ ಬಂದದ್ದು, 2019ರಲ್ಲಿ ಹೆಸರು ಬದಲಾಯಿತು. ಅದರಲ್ಲಿ ಕೋಡ್ ಬರೆಯಬೇಕಾಗಿಲ್ಲ, ಡಬ್ಬಿಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಆಯ್ತು. ಅವನದು ರಾತ್ರಿ ಪಾಳಿ. ನಡುರಾತ್ರಿ ದಾಟಿದ ಮೇಲೆ ಹಾಕಿದ ಫೈಲಿಗೆಲ್ಲ ಹಿಂದಿನ ದಿನದ ತಾರೀಖು ಬೀಳುತ್ತಿತ್ತಂತೆ. ಅದರೊಳಗಿನ ಗಡಿಯಾರ ಗ್ರೀನಿಚ್ ಲೆಕ್ಕದ್ದು, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5:30ರವರೆಗೂ ಅದಕ್ಕೆ ನಿನ್ನೆಯೇ. ಬೇರೆ ದಿನ ಪರವಾಗಿಲ್ಲ ಅನ್ನಬಹುದು, ಏಪ್ರಿಲ್ 1ರ ಬೆಳಗಿನ ಜಾವ ಹಾಕಿದ ಫೈಲು ಹಿಂದಿನ ಹಣಕಾಸು ವರ್ಷಕ್ಕೆ ಹೋದರೆ? ಟೈಮ್ ಝೋನ್ ಬದಲಿಸುವ ಡಬ್ಬಿ ಅಲ್ಲೇ ಇತ್ತು, ಹಾಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಫೋಲ್ಡರುಗಳಲ್ಲಿ ಜನರ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಇರುತ್ತದೆ. ಸುಲಭ ಆಗುತ್ತದೆ ಅಂತ 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಜನರ ವೈಯಕ್ತಿಕ ಮಾಹಿತಿ ಕಾಪಾಡಲಿಕ್ಕೆ ಅಂತಲೇ 2023ರಲ್ಲಿ ಕಾನೂನು ಬಂದಿದೆ. ಕಂಡಕಂಡ ಆ್ಯಪಿಗೆ 'ನಿಮ್ಮ ಎಲ್ಲ ಮೇಲ್ ಓದಲು ಅನುಮತಿ ಕೊಡಿ' ಅಂದಾಗ ಓಕೆ ಒತ್ತುವುದೂ ಅಷ್ಟೇ.

ಮೊದಲು ಬರೆದ ಓದುಗರಿಗೆ ಮತ್ತೆ ಬರುತ್ತೇನೆ. ಅವರ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಸ್ಕ್ರಿಪ್ಟ್ ಓಡಲು ಶುರುವಾದ ತಿಂಗಳೇ ನಮ್ಮ ಸಾಹೇಬರು "ಬೆಳಿಗ್ಗೆ ನೀನೀಗ ಖಾಲಿ ಅಲ್ವಾ, ಇನ್ನೊಂದು ಹತ್ತು ಪಾರ್ಟಿ ನೋಡ್ಕೋ" ಅಂದರು. ಉಳಿದ ಸಮಯ ನನ್ನ ಹತ್ತಿರ ಉಳಿಯಲಿಲ್ಲ, ಅವರ ಹತ್ತಿರ ಹೋಯಿತು. ಸಂಬಳದ ಮಾತು ಎತ್ತಿದೆ. ಒಂದು ಸಲ ಅಲ್ಲ, ಮೂರು ಸಲ. ಕೊನೆಗೆ ಸ್ವಲ್ಪ ಜಾಸ್ತಿ ಮಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಒಬ್ಬರನ್ನು ತೆಗೆದುಕೊಳ್ಳುವ ಯೋಚನೆ ಇತ್ತು, ಅದನ್ನು ಮಾತ್ರ ಬಿಟ್ಟರು. ಹಾಗಾಗಿ ಒಂದು ಕೆಲಸ ಹೋಗಿದೆ, ಇದ್ದವರದ್ದಲ್ಲ, ಬರಬೇಕಾಗಿದ್ದವರದ್ದು. ಇದನ್ನು ಮುಚ್ಚಿಟ್ಟು ನಾನು ಸುಮ್ನೆ ಹೊಗಳಿಕೊಂಡು ಕೂರಲಾರೆ.

ಆದರೂ ನನ್ನ ಬೇಡಿಕೆ ಇಷ್ಟೇ. ಸಣ್ಣ ಆಫೀಸು ನಡೆಸುವವರು, ಸೊಸೈಟಿಗಳವರು, ಶಾಲೆಗಳವರು ಈ ಕೆಲಸಕ್ಕೆ ಹೊರಗಿನಿಂದ ಪ್ಯಾಕೇಜ್ ಕೊಳ್ಳುವ ಮೊದಲು ನಿಮ್ಮ ಆವಕ ಜಾವಕ ನೋಡುವವರನ್ನು ಒಂದು ಸಲ ಕೇಳಿ. ವಾರಕ್ಕೆ ಎರಡು ಗಂಟೆ ಅವರನ್ನು ಬಿಡಿ, ಕಲಿಯಲಿ. ನಾನು ಕಲಿತದ್ದು ಯೂಟ್ಯೂಬಿನ ಹಿಂದಿ ವಿಡಿಯೋ ನೋಡಿ, ಅರ್ಧ ಅರ್ಥ ಆಗಿ ಅರ್ಧ ಆಗದೆ, ರಾತ್ರಿ ಹೊತ್ತು, ಸ್ವಂತ ಡೇಟಾ ಸುಟ್ಟುಕೊಂಡು. ಅಣ್ಣ ತಮ್ಮ ಬೇರೆ ಆಗಿದ್ದು ಆ ಟೈ ಕಟ್ಟಿದವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಂದು ಸಲ ಮೊಬೈಲ್ ಬಗ್ಗೆ ಬರುವ ಜಾಗದಲ್ಲಿ ಯಾವಾಗಲಾದರೂ ಇಂಥದ್ದನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಓದುವವರು ಇದ್ದೇವೆ.

ಈ ಪತ್ರ ಬರೆಯುತ್ತಿರುವುದು 10ನೇ ತಾರೀಖು ರಾತ್ರಿ. ನಾಳೆ ಕೊನೆಯ ದಿನ. ಮೂರು ಪಾರ್ಟಿಗಳ ಬಿಲ್ಲು ಇನ್ನೂ ಬಂದಿಲ್ಲ, ಸ್ಕ್ರಿಪ್ಟ್ ಅವರಿಗೆ ಎರಡೆರಡು ಸಲ ನೆನಪಿನ ಮೇಲ್ ಕಳಿಸಿದೆ ಅಂತ ಶೀಟಿನಲ್ಲಿ ಕಾಣುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ತೆಗೆದುಕೊಂಡು ಮಂಡಿಪೇಟೆಗೆ ಹೋಗಬೇಕು.

ಇಂತಿ,
ಒಬ್ಬ ಗುಮಾಸ್ತ, ದಾವಣಗೆರೆ